ಎಳ್ಳಿಲ್ಲದ ಕುಸುರೆಳ್ಳು

ಬಾದಾಮಿ ಕಿಲೋಗೆ ಅಂಗಡಿಯವನು ಮುನ್ನೂರ ಎಂಬತ್ತು ಹೇಳಿದ್ದ. ಮುನ್ನೂರ ಹತ್ತಕ್ಕೆ ತಂದೆ. ಸಕ್ಕರೆ ಮನೆಯಲ್ಲೇ ಇತ್ತು. ಗ್ಯಾಸು ಎಷ್ಟು ಉರಿಯಿತು ಎಂದು ಮಾತ್ರ ಕೇಳಬೇಡಿ; ಆ ತಿಂಗಳ ಸಿಲಿಂಡರು ಅವಧಿಗೆ ಮೊದಲೇ ಖಾಲಿಯಾಗಿ, ಇನ್ನೊಂದನ್ನು ಬ್ಲ್ಯಾಕಿನಲ್ಲಿ ತರಬೇಕಾಯಿತು. ಇಷ್ಟೆಲ್ಲ ಒಂದು ಡಬ್ಬಿ ಸಕ್ಕರೆ ಬಾದಾಮಿಗೆ. ಅದೇ ಚಳಿಗಾಲದಲ್ಲಿ ದಿಲ್ಲಿಯ ಮೂಲೆಮೂಲೆಯಲ್ಲೂ ತಳ್ಳುಗಾಡಿಗಳ ಮೇಲೆ ಎಳ್ಳಿನ ತಿಂಡಿಗಳು ರಾಶಿ ಬಿದ್ದಿದ್ದವು. ರೇವಡಿ, ಗಜಕ್, ಎಳ್ಳುಂಡೆ, ಏನು ಬೇಕೋ ಅದು, ಬಾದಾಮಿಯ ಮುಂದೆ ಪುಕ್ಕಟೆ ಅನ್ನುವ ಬೆಲೆಗೆ. ಆದರೆ ನನ್ನ ಮನೆಗೆ ಆ ವರ್ಷ ಎಳ್ಳು ತರುವಂತಿರಲಿಲ್ಲ. ನನ್ನ ಹೆಂಡತಿ ಬಸುರಿ.

ಬಸುರಿಯರು ಮೊದಲ ತಿಂಗಳುಗಳಲ್ಲಿ ಎಳ್ಳು ಮುಟ್ಟಬಾರದು, ಅದು ಉಷ್ಣ, ಗರ್ಭ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವ ವಿಷಯವಲ್ಲ. ಹೇಗೋ ಗೊತ್ತಾಗಿಬಿಟ್ಟಿರುತ್ತದೆ. ನಾವು ತೋರಿಸುತ್ತಿದ್ದ ಡಾಕ್ಟರಮ್ಮ ನಕ್ಕಿದ್ದರು. ಎಳ್ಳಿನಿಂದ ಏನೂ ಆಗುವುದಿಲ್ಲ, ನಿಶ್ಚಿಂತೆಯಾಗಿ ತಿನ್ನಿ ಎಂದಿದ್ದರು. ಇವಳು ತಲೆಯಾಡಿಸಿ ಬಂದಳು. ಮನೆಗೆ ಬಂದವಳೇ ಎಳ್ಳೆಣ್ಣೆಯ ಸೀಸೆಯನ್ನು ಕೂಡ ಕೈಗೆಟುಕದ ಹಾಗೆ ಅಟ್ಟದ ಮೇಲೆ ಇಡಿಸಿದಳು. ಇಟ್ಟವನು ನಾನೇ. ಹಿಂದಿನ ವರ್ಷ ಲೋಹ್ಡಿ ಹಬ್ಬದ ದಿನ ನಮ್ಮ ಕಾರ್ಖಾನೆಯಲ್ಲಿ ಹಂಚಿದ ರೇವಡಿಯ ಪೊಟ್ಟಣವನ್ನು ನಾನೇ ಮನೆಗೆ ತಂದಿದ್ದೆ. ಆಸೆ ತಡೆಯದೆ ಅವಳು ಅದರಿಂದ ಒಂದು ಹಿಡಿ ತಿಂದಿದ್ದಳು. ಆ ತಿಂಗಳೇ ನಮ್ಮ ಮೊದಲ ಗರ್ಭ ಹೋಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ರೇವಡಿಯ ಗಾಡಿ ಕಂಡರೆ ಅವಳು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ಆ ಮೊದಲ ಸಲ ಸುದ್ದಿಯನ್ನು ಎಲ್ಲರಿಗೂ ಹೇಳಿಬಿಟ್ಟಿದ್ದೆವು. ಊರಿಗೆ, ಆಫೀಸಿಗೆ, ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಪರಿಚಯದ ಕನ್ನಡದ ಮನೆಗಳಿಗೆ. ಅವಳ ತಾಯಿ ಅಂತೂ ಹಳೆಯ ಸೀರೆಗಳನ್ನು ಕತ್ತರಿಸಿ ಮಗುವಿಗೆ ಕೌದಿ ಹೊಲಿಯಲು ಶುರು ಮಾಡಿದ್ದರು. ಆಮೇಲೆ ಹೇಳಿದವರಿಗೆಲ್ಲ ಮತ್ತೆ ಫೋನು ಮಾಡಿ, ಇಲ್ಲ ಎಂದು ಹೇಳಬೇಕಾಯಿತು. ಗೊತ್ತಿಲ್ಲದವರು ಆರು ತಿಂಗಳ ಮೇಲೂ ಕೇಳುತ್ತಿದ್ದರು. ಅರ್ಧ ಹೊಲಿದ ಕೌದಿ ಏನಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದ್ದರಿಂದ ಈ ಸಲ ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಸ್ಕ್ಯಾನಿನಲ್ಲಿ ಎದೆಬಡಿತ ಕಾಣುವವರೆಗೆ ಯಾರಿಗೂ ಹೇಳಕೂಡದು. "ಅವ್ವಗಂತೂ ಬ್ಯಾಡೇ ಬ್ಯಾಡ. ಆಕಿ ಮತ್ತ ಸೂಜಿ ದಾರ ಹಿಡಕೊಂಡು ಕುಂದರತಾಳ."

ಅಷ್ಟರಲ್ಲಿ ಸ್ವಲ್ಪ ರಕ್ತ ಕಂಡಿತು. ಓಡಿದೆವು. ಗರ್ಭದ ಚೀಲ ಕಾಣುತ್ತಿದೆ, ಬಡಿತ ಕಾಣುತ್ತಿಲ್ಲ, ಇನ್ನೂ ದಿನ ಕಡಿಮೆ ಇರಬಹುದು, ಸಂಕ್ರಾಂತಿಯ ಹೊತ್ತಿಗೆ ಮತ್ತೆ ನೋಡೋಣ, ಅಲ್ಲಿಯವರೆಗೆ ಮಲಗೇ ಇರಲಿ ಎಂದರು ಡಾಕ್ಟರಮ್ಮ.

ಮಲಗಿಸುವುದು ಸುಲಭ, ಮಲಗುವುದು ಕಷ್ಟ ಎಂಬುದು ನನಗೆ ಆಗ ತಿಳಿಯಿತು. ನಾವಿದ್ದದ್ದು ಲಕ್ಷ್ಮೀ ನಗರದಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆ. ಅವಳು ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುತ್ತಿದ್ದಳು. ಸೊಂಟ ಉಳುಕಿದೆ ಎಂದು ಅವರಿಗೆ ಸುಳ್ಳು ಹೇಳಿದ್ದಾಯಿತು. ಆದರೆ ಬೀದಿಯ ಗದ್ದಲ ಕೇಳಿಯೇ ಯಾವ ಬ್ಯಾಚು ಬಿಟ್ಟಿತು, ಯಾವುದು ಒಳಗೆ ಹೋಯಿತು ಎಂದು ಅವಳಿಗೆ ಗೊತ್ತಾಗುತ್ತಿತ್ತು. "ಇವತ್ತು ಅವರಿಗೆ ಪಾರ್ಟ್‌ನರ್‌ಶಿಪ್ ಪಾಠ ಚಾಲೂ ಆಗಬೇಕಿತ್ತು," ಎನ್ನುವಳು ಸೂರು ನೋಡುತ್ತ. ಬಚ್ಚಲಿಗೆ ಎದ್ದು ಹೋದಾಗಲೆಲ್ಲ ಒಳಗಿನಿಂದ ಅವಳು ಏನು ಹೇಳುತ್ತಾಳೋ ಎಂದು ನಾನು ಬಾಗಿಲ ಹೊರಗೆ ಉಸಿರು ಹಿಡಿದು ನಿಂತಿರುತ್ತಿದ್ದೆ. ಏನೂ ಹೇಳದೆ ಹೊರಗೆ ಬಂದರೆ ಅದೇ ಒಳ್ಳೆಯ ಸುದ್ದಿ.

ನನ್ನದು ದಿಲ್ಲಿಯ ಹೊರಗೆ ಮಾನೇಸರಿನಲ್ಲಿ ಪರ್ಚೇಸ್ ಕೆಲಸ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ಡಿಪ್ಲೊಮಾ ಹಿಡಿದುಕೊಂಡು ತುಮಕೂರಿನ ಕಡೆಯಿಂದ ಬಂದವನು, ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಎಣಿಸುತ್ತಿದ್ದವನು, ಯಾರ ಶಿಫಾರಸೂ ಇಲ್ಲದೆ ಮೇಲೆ ಬಂದದ್ದು ಚೌಕಾಸಿಯ ಬಲದಿಂದ. ದರ ಹೇಳಿದವನ ಕಣ್ಣು ನೋಡಿದರೆ ಎಲ್ಲಿಗೆ ಇಳಿಯುತ್ತಾನೆ ಎಂದು ನನಗೆ ತಿಳಿಯುತ್ತದೆ. ಆದರೆ ಕಾಯುವುದು ಗೊತ್ತಿಲ್ಲ. ನನ್ನ ಕೆಲಸವೇ ಎದುರಿನವನನ್ನು ಕಾಯಿಸುವುದು. ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆಯಲ್ಲಿ ಕೂತೆ. ಕೂತೆ ಎನ್ನುವುದು ಹೆಸರಿಗೆ. ಬಾಲ್ಕನಿಗೆ ಹೋಗುವುದು, ಒಳಗೆ ಬರುವುದು, ಅವಳು ಹೊದ್ದ ರಜಾಯಿ ಸರಿ ಮಾಡುವುದು, ನೀರು ಬೇಕಾ ಎಂದು ಕೇಳುವುದು.

"ರೀ, ನೀವು ಹಿಂಗ ಸುತ್ತಾಡಿದ್ರ ನನಗ ತಲಿ ತಿರಗತೈತಿ. ಏನರ ಕೆಲಸ ಹುಡುಕ್ಕೋರಿ."

"ಏನು ಕೆಲಸ ಮಾಡಲಿ, ನೀನೇ ಹೇಳು."

ಅವಳು ನನ್ನ ಕಡೆ ಹೊರಳಿ ಹೇಳಿದಳು. "ನನಗ ಕುಸರೆಳ್ಳು ತಿನ್ನಬೇಕನಸಾಕತ್ತೈತಿ."

"ಎಳ್ಳು ಬೇಡ ಅಂದೆಯಲ್ಲ?"

"ಎಳ್ಳು ಬ್ಯಾಡ. ಕುಸರೆಳ್ಳು ಬೇಕು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನ್ನ ಹೆಂಡತಿ ಧಾರವಾಡದ ಕಡೆಯವಳು. ನಮ್ಮ ಕಡೆ ಸಂಕ್ರಾಂತಿ ಎಂದರೆ ಎಳ್ಳುಬೆಲ್ಲ. ಬೆಲ್ಲ, ಕೊಬ್ಬರಿ, ಕಡಲೆ ಹೆಚ್ಚಿ ಬೆರೆಸಿದರೆ ಒಂದು ಮಧ್ಯಾಹ್ನದ ಕೆಲಸ. ಅವರ ಕಡೆ ಕುಸುರೆಳ್ಳು. ಅಗಲವಾದ ತಟ್ಟೆಯಂಥ ಪರಾತದಲ್ಲಿ ಎಳ್ಳನ್ನೋ ಶೇಂಗಾವನ್ನೋ ಹರಡಿ, ಸಣ್ಣ ಉರಿಯ ಮೇಲೆ ಇಟ್ಟು, ಸಕ್ಕರೆ ಪಾಕವನ್ನು ಒಂದೊಂದೇ ಚಮಚ ಬಿಟ್ಟು ಬೆರಳ ತುದಿಯಿಂದ ಆಡಿಸುತ್ತ ಹೋಗಬೇಕು. ಒಂದು ಚಮಚ ಆರಿದ ಮೇಲೆ ಇನ್ನೊಂದು. ಹೀಗೆ ದಿನಗಟ್ಟಲೆ ಮಾಡಿದರೆ ಪ್ರತಿ ಕಾಳಿನ ಮೇಲೂ ಬೆಳ್ಳಗೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಚಳಿ ಇದ್ದಷ್ಟೂ ಮುಳ್ಳು ಚೆನ್ನ. ಪ್ರತಿ ವರ್ಷ ಅವಳ ತಾಯಿ ಯಾರಾದರೂ ದಿಲ್ಲಿಗೆ ಬರುವವರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದರು. ಅದರಲ್ಲಿ ಎಳ್ಳಿರುತ್ತಿತ್ತು. ಈ ವರ್ಷ ಎಳ್ಳು ಹಾಕಬೇಡಿ ಎಂದು ಹೇಳಿದರೆ, ಯಾಕೆ ಎಂದು ಅವರು ಕೇಳುತ್ತಾರೆ. ಹಾಗಾಗಿ ನಾವೇ ಮಾಡಬೇಕು, ಎಳ್ಳಿನ ಬದಲು, ಬಸುರಿಗೆ ಒಳ್ಳೆಯದಲ್ಲವೇ, ಬಾದಾಮಿ ಎಂದು ತೀರ್ಮಾನವಾಯಿತು.

ಮರುದಿನವೇ ಹಳೇ ದಿಲ್ಲಿಯ ಒಣಹಣ್ಣಿನ ಅಂಗಡಿಗಳ ಗಲ್ಲಿಗೆ ಹೋದೆ. ಬಾದಾಮಿಯನ್ನು ಎಂದೂ ಕಿಲೋದಲ್ಲಿ ಕೊಂಡವನಲ್ಲ, ಆದರೆ ಅದನ್ನು ಮುಖದಲ್ಲಿ ತೋರಿಸಬಾರದು.

"ಭಯ್ಯಾ, ಇದು ಹಿಂದಿನ ವರ್ಷದ ಮಾಲು."

"ಅರೇ ಸಾಬ್, ಕೈಯಲ್ಲಿ ತಗೊಂಡು ನೋಡಿ. ಕೈಸಾ ಚಮಕ್ ರಹಾ ಹೈ!"

ನಿಜ, ಬಾದಾಮಿ ಫಳಫಳ ಹೊಳೆಯುತ್ತಿತ್ತು. ಆದರೂ ಮೂಗು ಮುರಿದೆ, ಪಕ್ಕದ ಅಂಗಡಿ ಕಡೆ ನೋಡಿದೆ, ನಾಲ್ಕು ಹೆಜ್ಜೆ ನಡೆದೆ. ಕರೆದ. ಮುನ್ನೂರ ಹತ್ತು. ಗೆದ್ದೆ ಎಂದುಕೊಂಡು ರಿಕ್ಷಾ ಹತ್ತಿದೆ. ಮಾಲಿಗೆ ಯಾಕೆ ಅಷ್ಟು ಹೊಳಪು ಎಂದು ಕೇಳುವುದೇ ನನ್ನ ಹೊಟ್ಟೆಪಾಡು, ಅವತ್ತು ಕೇಳಲಿಲ್ಲ. ಮನಸ್ಸು ಮೂರನೇ ಮಹಡಿಯಲ್ಲಿತ್ತು.

ಮಂಚವನ್ನು ಎಳೆದು ಅಡುಗೆಮನೆಯ ಬಾಗಿಲಿಗೆ ನೇರ ಮಾಡಿದೆ. ಊರಿನಲ್ಲಿ ಕುಸುರೆಳ್ಳಿಗೆ ಇದ್ದಿಲ ಒಲೆ. ಇಲ್ಲಿ ಕಿಟಕಿ ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿಸುವ ಮಾತೇ ಇಲ್ಲ. ಗ್ಯಾಸಿನ ಮೇಲೆ ಕಬ್ಬಿಣದ ಹಂಚು, ಹಂಚಿನ ಮೇಲೆ ಪರಾತ. ಈ ಉಪಾಯ ನನ್ನದೇ. ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆಯುವುದನ್ನು ಅವಳು ಮಲಗಿದಲ್ಲಿಂದಲೇ ಹೇಳಿದಳು. ಶುರು ಮಾಡಿದೆ. ಒಂದು ಚಮಚ. ಆಡಿಸಿದೆ. ಇನ್ನೊಂದು ಚಮಚ. ಏನೂ ಆಗಲಿಲ್ಲ. ಪಾಕ ಬಾದಾಮಿಯ ಮೇಲಿಂದ ಜಾರಿ ತಳಕ್ಕೆ ಇಳಿಯುತ್ತಿತ್ತು. ಕಡಿಮೆಯಾಯಿತೇನೋ ಎಂದು ನಾಲ್ಕು ಚಮಚ ಒಟ್ಟಿಗೆ ಬಿಟ್ಟೆ. ಉರಿಯನ್ನೂ ಒಂದಿಷ್ಟು ಏರಿಸಿದೆ.

ಅಷ್ಟರಲ್ಲಿ ಮೊಬೈಲು. ತಗಡು ಪೂರೈಸುವ ಫರೀದಾಬಾದಿನವನು. ರಜೆಯಲ್ಲಿದ್ದರೂ ಅವನು ಬಿಡುವವನಲ್ಲ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಒಂದು ಕೈಯಿಂದ ಬಾದಾಮಿ ಆಡಿಸುತ್ತ, ಟನ್ನಿಗೆ ಎಷ್ಟು ಇಳಿಸುತ್ತೀಯ ಎಂದು ಹಿಡಿದುಕೊಂಡೆ.

"ಸರ್, ಏನು ಸದ್ದು ಅದು? ಖಡಖಡ ಖಡಖಡ?"

"ಹೊಸ ಮಷೀನು. ಟ್ರಯಲ್ ನಡೀತಿದೆ. ನೀನು ರೇಟು ಹೇಳು."

ಒಳಗಿನಿಂದ ಹೆಂಡತಿಯ ದನಿ ಬಂತು. "ರೀ! ನಿಮ್ಮ ಮಷೀನಿನ ಸಪ್ಪಳ ಬದಲಾತು. ಉರಿ ಜಾಸ್ತಿ ಮಾಡೀರಿ ಹೌದಿಲ್ಲೋ?"

"ಇಲ್ಲ."

"ಸುಳ್ಳು. ಎಲ್ಲಾ ಅಂಟ್ಕೊಂಡಾವ. ಸಣ್ಣಾಕಿದ್ದಾಗಿಂದ ಕೇಳೇನಿ, ಬಿಡಿಬಿಡಿ ಇದ್ರ ಒಂದು ಸಪ್ಪಳ, ಅಂಟಿದ್ರ ಒಂದು ಸಪ್ಪಳ."

ನೋಡಿದರೆ ಪರಾತದ ತುಂಬ ಕಂದು ಬಣ್ಣದ ಒಂದೇ ಹಾಳೆ, ಅದರೊಳಗೆ ಬಾದಾಮಿಗಳು ಹುದುಗಿ ಕೂತಿವೆ. ಬೆರಳ ತುದಿ ಸುಟ್ಟಿತ್ತು. ಅದನ್ನು ಒಡೆದು ತುಂಡು ಮಾಡಿ ಒಂದು ತಟ್ಟೆಯಲ್ಲಿ ಕೊಟ್ಟೆ. ಒಂದು ತುಂಡು ಕಚ್ಚಿ, "ಚಿಕ್ಕಿ ಭಾಳ ಚಂದ ಆಗೈತಿ," ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಉರಿ ಸಣ್ಣಗೆ ಮಾಡಿ, ಚಮಚ ಒಂದೊಂದೇ ಬಿಟ್ಟು, ಸಭ್ಯನಾಗಿ ಮತ್ತೆ ಮಾಡಿದೆ. ಈ ಸಲ ಸುಡಲಿಲ್ಲ. ಆದರೆ ಸಕ್ಕರೆ ಬಾದಾಮಿಗೆ ಹತ್ತಲೂ ಇಲ್ಲ. ಎಲ್ಲ ಬಿಳಿ ಪುಡಿಯಾಗಿ ತಳದಲ್ಲಿ ಬಿತ್ತು, ಬಾದಾಮಿ ಕಂದು ಬಣ್ಣದಲ್ಲೇ ಮಿರಮಿರ ಮಿಂಚುತ್ತ ಹಾಗೇ ಉಳಿದವು. ಅವಳಿಗೂ ಕಾರಣ ತಿಳಿಯಲಿಲ್ಲ. ಅವರ ಮನೆಯಲ್ಲಿ ಬಾದಾಮಿಯ ಕುಸುರೆಳ್ಳು ಯಾರೂ ಮಾಡಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. "ಹೋಗ್ಲಿ ಬಿಡ್ರಿ. ನಿಲ್ಲೂದಿಲ್ಲ ಅಂದ್ರ ನಿಲ್ಲೂದಿಲ್ಲ."

ಆ ಮಾತು ಬಾದಾಮಿಗೆ ಹೇಳಿದ್ದೇ ಇರಬಹುದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಲು ತರುತ್ತೇನೆ ಎಂದು ಹೇಳಿ, ಕೆಳಗೆ ಇಳಿಯದೆ ಮೇಲೆ ತಾರಸಿಗೆ ಹತ್ತಿ, ಧಾರವಾಡಕ್ಕೆ ಫೋನು ಹಚ್ಚಿದೆ. ಮಂಜು ಎಷ್ಟಿತ್ತೆಂದರೆ ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತಿರಲಿಲ್ಲ.

"ಅತ್ತೆ, ಒಂದು ಸಣ್ಣ ವಿಷಯ. ಕುಸುರೆಳ್ಳಿಗೆ ಪಾಕ ಹತ್ತುತ್ತಾ ಇಲ್ಲ. ಏನು ಮಾಡಬೇಕು?"

"ಕುಸರೆಳ್ಳು? ಯಾರ ಮಾಡಾಕತ್ತಾರ?"

"ನಾನೇ, ಅತ್ತೆ."

"ನೀವಾ?" ಆ ಕಡೆ ನಗು. "ಆಕಿ ಎಲ್ಲಿ ಹೋಗ್ಯಾಳ?"

"ಕ್ಲಾಸು. ಪರೀಕ್ಷೆ ಹತ್ರ ಬಂತಲ್ಲ, ಎಕ್ಸ್‌ಟ್ರಾ ಕ್ಲಾಸು." ಇಲ್ಲಿಯವರೆಗೆ ಚೆನ್ನಾಗಿಯೇ ದಾಟಿದೆ.

"ಅಡ್ಡಿ ಇಲ್ಲ. ಎಳ್ಳು ಹುರಕೊಂಡ್ರೇನು ಮೊದಲ?"

"ಎಳ್ಳು ಅಲ್ಲ ಅತ್ತೆ, ಬಾದಾಮಿ."

"ಎಳ್ಳಿನ ಕೂಡ ಬಾದಾಮಿ ಹಾಕೀರೋ?"

"ಇಲ್ಲ. ಬರೀ ಬಾದಾಮಿ."

"ಎಳ್ಳು ಯಾಕ ಬಿಟ್ರಿ?"

ಎದುರಿನವನು ಹಠಾತ್ತನೆ ಪ್ರಶ್ನೆ ಕೇಳಿದಾಗ ಉತ್ತರ ತಡ ಮಾಡಬಾರದು ಎಂಬುದು ನನ್ನ ಕಸುಬಿನ ಪಾಠ. ತಡ ಮಾಡಲಿಲ್ಲ. "ಇಲ್ಲಿ ಎಳ್ಳು ಬಹಳ ದುಬಾರಿ, ಅತ್ತೆ," ಎಂದೆ.

ಉತ್ತರ ನನಗೇ ಮೆಚ್ಚಿಕೆಯಾಯಿತು.

"ದಿಲ್ಲಿಯೊಳಗ ಎಳ್ಳು ತುಟ್ಟಿ, ಬಾದಾಮಿ ಸೋವಿ ಏನ್ರೀ?"

ಇಪ್ಪತ್ತು ವರ್ಷದಲ್ಲಿ ಎಷ್ಟೋ ಮಂದಿ ಕಂತ್ರಿ ವ್ಯಾಪಾರಿಗಳ ಎದುರು ಕೂತಿದ್ದೇನೆ. ಅಷ್ಟು ಮೆಲ್ಲಗೆ, ಅಷ್ಟು ಪೂರ್ತಿಯಾಗಿ ನನ್ನನ್ನು ಯಾರೂ ಹಿಡಿದಿಲ್ಲ. ಏನೋ ಗೊಣಗಿದೆ. ಅವರು ಮತ್ತೆ ಕೇಳಲಿಲ್ಲ. ಬೇರೆಯೇ ದನಿಯಲ್ಲಿ ಮಾತಾಡಿದರು.

"ಬಾದಾಮಿದು ನನಗೂ ಗೊತ್ತಿಲ್ಲ, ಅಳಿಯಂದ್ರ. ಉರಿ ಮಾತ್ರ ಸಣ್ಣ ಇರಲಿ. ದಿನಾ ಒಂದೀಟೀಟ ಮಾಡ್ರಿ. ಆಕಿ ಕ್ಲಾಸ್ ಮುಗಿಸಿ ಬಂದ ಮ್ಯಾಲೆ, ಒಲಿ ಹತ್ರ ಕೂಡಾಕ ಬಿಡಬ್ಯಾಡ್ರಿ. ಪರಾತ ಎತ್ತಾಕ ಬಿಡಬ್ಯಾಡ್ರಿ. ನೀರಿನ ಬಕೀಟನೂ ನೀವ ಎತ್ರಿ. ತಿಳೀತಿಲ್ಲೋ?"

"ತಿಳೀತು, ಅತ್ತೆ."

ಕೆಳಗೆ ಬಂದೆ. ಹಾಲು ಎಲ್ಲಿ ಎಂದಳು. ಮುಚ್ಚಿಡುವಷ್ಟು ಧೈರ್ಯ ಇರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳ ಮುಖ ಕೆಂಪಾಯಿತು.

"ಒಂದ ಮಾತು ಹೇಳಿದ್ದೆ ನಿಮಗ. ಒಂದ."

"ನಾನು ಹೇಳಲಿಲ್ಲ ಮಾರಾಯ್ತಿ, ಅವರೇ..."

"ಏನಂದ್ರಿ ಅವ್ವಗ? ಎಳ್ಳು ತುಟ್ಟಿ ಅಂದ್ರಾ? ಬಾದಾಮಿಗಿಂತ?"

"ಹೂಂ."

ಅವಳು ನನ್ನನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ನಕ್ಕಳು. ಎಷ್ಟು ದಿನಗಳ ಮೇಲೆ ನಕ್ಕಳೋ, ಬಾಯಿಗೆ ರಜಾಯಿ ಒತ್ತಿಕೊಂಡು ನಕ್ಕಳು. "ಪರ್ಚೇಸ್ ಮ್ಯಾನೇಜರ್ ಅಂತ, ಪರ್ಚೇಸ್ ಮ್ಯಾನೇಜರ್..." ನಡುವೆ ಗಕ್ಕನೆ ನಿಂತಳು. ಕೈ ಹೊಟ್ಟೆಯ ಮೇಲೆ ಹೋಯಿತು. ನಗಬಹುದೋ ಬಾರದೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮನ ಹತ್ತಿರ ಅದನ್ನು ಕೇಳಿರಲಿಲ್ಲ. ಹಾಗೇ ಅಲ್ಲಾಡದೆ ಇದ್ದೆವು. ಏನೂ ಆಗಲಿಲ್ಲ.

ನಾನು ಮಂಚದ ತುದಿಯಲ್ಲಿ ಕೂತು, ಕೈಗೆ ಸಿಕ್ಕ ಒಂದು ಬಾದಾಮಿಯನ್ನು ಸುಮ್ಮನೆ ಕರ್ಚೀಫಿಗೆ ಉಜ್ಜುತ್ತಿದ್ದೆ. ಕೈ ಸುಮ್ಮನಿರಬೇಕಲ್ಲ. ನೋಡುತ್ತೇನೆ, ಬಿಳಿ ಕರ್ಚೀಫಿನ ಮೇಲೆ ಎಣ್ಣೆಯ ಕಲೆ.

ಅಂಗಡಿಯವನ ಚಮಕ್ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಹಳೆಯ ಬಾದಾಮಿಗೆ ಎಣ್ಣೆ ಸವರಿ ಹೊಸದು ಮಾಡಿದ್ದ. ನಮ್ಮ ಕಾರ್ಖಾನೆಗೆ ತಗಡು ಬರುವುದೂ ಹೀಗೆಯೇ, ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಹಚ್ಚಿ. ಅದನ್ನು ತೊಳೆದು ಒಣಗಿಸದೆ ಬಣ್ಣ ಹೊಡೆದರೆ ಬಣ್ಣ ಸುಲಿದು ಬರುತ್ತದೆ. ಮಾನೇಸರಿನಲ್ಲಿ ಈ ಕಾರಣಕ್ಕೆ ಮಾಲು ವಾಪಸು ಕಳಿಸುವವನೇ ನಾನು. ಎಣ್ಣೆಯ ಮೇಲೆ ಪಾಕ ಎಲ್ಲಿ ನಿಲ್ಲಬೇಕು?

"ಎಣ್ಣೆ ಕಣೇ! ಎಣ್ಣೆ!" ಎಂದು ಕೂಗಿದೆ.

"ಮೆಲ್ಲಕ ಹೇಳ್ರಿ, ಕಿವಿ ಅದಾವ ನನಗ."

ಉಳಿದಿದ್ದ ಬಾದಾಮಿಯನ್ನೆಲ್ಲ ಬಿಸಿನೀರಿಗೆ ಹಾಕಿದೆ. ಸಿಪ್ಪೆ ಸಡಿಲವಾದ ಮೇಲೆ ಪಾತ್ರೆಯನ್ನು ಅವಳ ಪಕ್ಕದಲ್ಲಿಟ್ಟೆ. ದಿಂಬಿಗೆ ಒರಗಿ ಸುಲಿಯತೊಡಗಿದಳು. ಒತ್ತಿದರೆ ಬಾದಾಮಿ ಚಂಗನೆ ಹಾರಿ ರಜಾಯಿಯ ಮಡಿಕೆಯಲ್ಲಿ ಬೀಳುತ್ತಿತ್ತು. ಅವಳ ಕೈಗೂ ಕೆಲಸ ಸಿಕ್ಕಿತು. ಸೂರು ನೋಡುವುದು ನಿಂತಿತು. ಹೊರಗೆ ಬಿಸಿಲಿನ ಸುಳಿವಿಲ್ಲ. ಬಟ್ಟೆಯ ಮೇಲೆ ಹರಡಿ ರೂಮ್ ಹೀಟರಿನ ಮುಂದೆ ಒಣಗಿಸಿದೆ. ಕರೆಂಟು ಹೋದಾಗಲೆಲ್ಲ ಬೈಯುತ್ತ ಕಾದೆ. ಹಸಿ ಉಳಿದರೆ ಒಳಗೆ ಬೂಸು ಬರುತ್ತದೆ, ಆದ್ದರಿಂದ ಕೊನೆಗೆ ಬಾಣಲೆಯಲ್ಲಿ ಬೆಚ್ಚಗೆ ಹುರಿದೆ.

ಆಮೇಲೆ ಮೊದಲ ಚಮಚ ಬಿಟ್ಟಾಗ ಪಾಕ ಜಾರಲಿಲ್ಲ. ಬಾದಾಮಿಯ ಮೈ ಮೇಲೆ ತೆಳುವಾದ ಬೂದಿಯ ಹಾಗೆ ಕೂತಿತು. ಒಳಗಿನಿಂದ ಅವಳು, "ಹಾಂ, ಈಗ ಸಪ್ಪಳ ಬರೋಬ್ಬರಿ ಐತಿ," ಎಂದಳು.

ಅಲ್ಲಿಂದ ದಿನವೂ ಬೆಳಗ್ಗೆ ಸಂಜೆ ಅದೇ ಕೆಲಸ. ಒಂದು ಚಮಚ, ಆಡಿಸು, ಆರಲಿ. ತಳದ ಪುಡಿ ಜರಡಿ ಹಿಡಿ. ಮತ್ತೆ ಒಂದು ಚಮಚ. ನನ್ನಂಥವನಿಗೆ ಇದು ಶಿಕ್ಷೆ. ಬೇಗ ಮಾಡಿಸಲು ಯಾರನ್ನೂ ಗದರಿಸುವಂತಿಲ್ಲ, ಯಾರಿಗೂ ಎರಡು ಕಾಸು ಹೆಚ್ಚು ಕೊಡುವಂತಿಲ್ಲ. ಪರಾತದ ಮುಂದೆ ಕೂತು ಕಾಲು ಕುಣಿಸುತ್ತಿದ್ದೆ. ಮಧ್ಯಾಹ್ನದ ಹೊತ್ತು ಅತ್ತೆಯ ಫೋನು ಬರುತ್ತಿತ್ತು. ಮೊದಲು ವಾರಕ್ಕೊಮ್ಮೆ ಮಾಡುತ್ತಿದ್ದವರು ಈಗ ದಿನವೂ. ಮಗಳ ಹತ್ತಿರ ಬೇರೆ ಏನೂ ಕೇಳುತ್ತಿರಲಿಲ್ಲ. "ಬಾದಾಮಿ ಹೆಂಗದಾವ?" ಎನ್ನುವರು. "ಅದಾವ, ಅವ್ವಾ," ಎನ್ನುವಳು ಇವಳು. "ಊಟ ಆತೇನು?" "ಆತು." ಇಷ್ಟೇ. ಅವ್ವನಿಗೆ ಗೊತ್ತು ಎಂದು ಇವಳಿಗೆ ಗೊತ್ತು. ಆದರೂ ಹೇಳಲಿಲ್ಲ, ಅವರೂ ಹೇಳಿಸಲಿಲ್ಲ. ಫೋನು ಇಟ್ಟ ಮೇಲೆ ಇವಳು ಸ್ವಲ್ಪ ಹೊತ್ತು ಸಮಾಧಾನವಾಗಿ ನಿದ್ದೆ ಮಾಡುವುದನ್ನು ನಾನು ಗಮನಿಸಿದೆ. ಒಬ್ಬಳೇ ಹೊತ್ತಿದ್ದ ಭಾರಕ್ಕೆ ಇನ್ನೊಂದು ಕೈ ಸೇರಿದ ಹಾಗೆ. ನನ್ನ ಕೈ ಲೆಕ್ಕಕ್ಕೆ ಇಲ್ಲವಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಕೈಯಲ್ಲಿ ಪಾಕ ಇತ್ತು.

ಸ್ಕ್ಯಾನಿನ ದಿನ ಬಂತು. ಆಟೋದವನನ್ನು ಕರೆದೆ.

"ಎಷ್ಟು?"

"ಮೀಟರಿಗಿಂತ ಇಪ್ಪತ್ತು ಮೇಲೆ."

"ಐವತ್ತು ಮೇಲೆ ಕೊಡ್ತೀನಿ. ಆದರೆ ಧೀರೇ ಚಲೋ. ಒಂದು ಗುಂಡಿಯಲ್ಲೂ ಚಕ್ರ ಇಳೀಬಾರದು."

ಅವನು ಹಿಂದೆ ತಿರುಗಿ ನನ್ನ ಮುಖ ನೋಡಿದ. "ಭಾಯಿಸಾಬ್, ಎಲ್ಲರೂ ಜಲ್ದಿ ಹೋಗೋದಕ್ಕೆ ಪೈಸಾ ಕೊಡ್ತಾರೆ," ಎಂದ. ಆಮೇಲೆ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತವಳನ್ನು ಕಂಡು ಮೆಲ್ಲಗೆ ಗಾಡಿ ಬಿಟ್ಟ. ಲಕ್ಷ್ಮೀ ನಗರದ ರಸ್ತೆಯಲ್ಲಿ ಸೈಕಲ್ ರಿಕ್ಷಾಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಹೇಳಿದ ಬೆಲೆಗಿಂತ ಹೆಚ್ಚು ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಸ್ಕ್ಯಾನಿನ ಕೋಣೆಗೆ ನನ್ನನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತೆ, ಎದ್ದೆ, ಕೂತೆ. ಜೇಬಿಗೆ ಕೈ ಹಾಕಿದರೆ ಎರಡು ಬಾದಾಮಿ. ಅವಳಿಗೆಂದು ಹಾಕಿಕೊಂಡದ್ದೋ, ಮರೆತು ಉಳಿದದ್ದೋ. ಬೆರಳು ತನ್ನಷ್ಟಕ್ಕೆ ಅವನ್ನು ಆಡಿಸತೊಡಗಿತು. ಸಕ್ಕರೆಯೆಲ್ಲ ಜೇಬಿನಲ್ಲಿ ಉದುರಿತು.

ಬಾಗಿಲು ತೆರೆಯಿತು. ಅವಳು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ಬಡಿಯಾಕತ್ತೈತಿ," ಎಂದಳು. "ಟಿವಿಯೊಳಗ ತೋರಿಸಿದ್ರು. ಮಿಣ ಮಿಣ ಅನ್ನತೈತಿ."

ನಾನು ಮೊಬೈಲು ತೆಗೆದೆ. ಅವಳು ಅದನ್ನು ಕಸಿದುಕೊಂಡು ಅಲ್ಲಿಂದಲೇ ಧಾರವಾಡಕ್ಕೆ ಹಚ್ಚಿದಳು.

"ಅವ್ವಾ, ನಾನು ಬಸರದೇನಿ. ಎದಿ ಬಡಿಯಾಕತ್ತೈತಿ. ಈಗ ನೋಡಿದ್ರು."

ಆ ಕಡೆಯಿಂದ ಏನೋ ಕೇಳಿಸಿತು. ಇವಳು ನಗುತ್ತ, ಅಳುತ್ತ ಫೋನನ್ನು ನನ್ನ ಕಿವಿಗೆ ಒತ್ತಿದಳು. ಅತ್ತೆ ಹೇಳುತ್ತಿದ್ದರು. "ಗೊತ್ತೈತಿ ಬಿಡ, ಹುಚ್ಚಿ. ಬಾದಾಮಿ ಹೆಂಗಾದ್ವು ಅದನ್ನ ಹೇಳು. ನಿನ್ನ ಗಂಡ ಫೋನ್ ಹಚ್ಚಿದ ದಿನಾನ ತಿಕೀಟ ತಗಸೇನಿ. ಸಂಕ್ರಾಂತಿಗೆ ಅಲ್ಲಿರ್ತೇನಿ."

ಬಂದರು. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಕುಸುರೆಳ್ಳಿನ ಡಬ್ಬಿ. ಮನೆಗೆ ಬಂದು ನನ್ನ ಬಾದಾಮಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಳ್ಳು ಸರಿಯಾಗಿ ಎದ್ದಿರಲಿಲ್ಲ. ಬಾದಾಮಿ ದೊಡ್ಡದು, ಅದಕ್ಕೆ ಇನ್ನೂ ಬಹಳ ದಿನ ಬೇಕಿತ್ತೇನೋ. ಮೈಯೆಲ್ಲ ಗುಳ್ಳೆ ಗುಳ್ಳೆ.

"ಅಳಿಯಂದ್ರ, ಇವು ಕುಸರೆಳ್ಳಲ್ಲ. ಅಮ್ಮ ಬಂದಂಗ ಆಗ್ಯಾವ ಇವಕ್ಕ," ಎಂದರು. ಸಿಡುಬು ಎದ್ದ ಹಾಗೆ ಎಂದು ಅರ್ಥ. ಬಾಯಿಗೆ ಹಾಕಿಕೊಂಡು, "ರುಚಿ ಐತಿ," ಎಂದು ಇನ್ನೊಂದು ತೆಗೆದುಕೊಂಡರು. ಅಷ್ಟಕ್ಕೆ ನನ್ನ ಎದೆ ಉಬ್ಬಿತು.

ಆಮೇಲೆ ತಮ್ಮ ಡಬ್ಬಿ ತೆಗೆದರು. ಅದರಲ್ಲಿ ಶೇಂಗಾ ಇತ್ತು, ಹುರಿಗಡಲೆ ಇತ್ತು, ಸೌತೆಬೀಜ ಇತ್ತು. ಎಲ್ಲಕ್ಕೂ ಬೆಳ್ಳನೆಯ, ಚೂಪಾದ, ತುಂಬು ಮುಳ್ಳು. ಎಳ್ಳು ಒಂದು ಕಾಳೂ ಇರಲಿಲ್ಲ. ಹೆಂಡತಿ ಡಬ್ಬಿಯೊಳಗೆ ಬೆರಳಾಡಿಸಿ ತಳದವರೆಗೂ ನೋಡಿದಳು. ಬಟ್ಟೆಯ ಗಂಟಿನಲ್ಲಿ ಕೌದಿ ಇತ್ತು, ಹೊಲಿದು ಮುಗಿದದ್ದು. ಅದರ ಮಡಿಕೆ ಯಾರೂ ಬಿಚ್ಚಲಿಲ್ಲ. ಅಟ್ಟದ ಮೇಲೆ, ಎಳ್ಳೆಣ್ಣೆಯ ಸೀಸೆಯ ಪಕ್ಕದಲ್ಲಿ ಇಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನ್ನೂ ಮಗುವಿಗೆಂದು ಕೆಳಗಿಳಿಸಿದೆವು.

ಈಗ ನೀವು ಮಾಡುವುದಾದರೆ ಕೇಳಿ. ಬಾದಾಮಿ ಕೊಳ್ಳಲು ಹೋಗುವಾಗ ಬಿಳಿ ಕರ್ಚೀಫು ಒಯ್ಯಿರಿ. ಅಂಗಡಿಯವನ ಎದುರಿಗೇ ಒಂದು ಬಾದಾಮಿ ಉಜ್ಜಿರಿ; ಕಲೆ ಬಂದರೆ ಬೆಲೆ ಕೇಳಲೂ ಹೋಗಬೇಡಿ. ಮಂಕಾಗಿ ಕಾಣುವ ಬಾದಾಮಿಯೇ ಒಳ್ಳೆಯದು. ಒಂದನ್ನು ಮುರಿದರೆ ಟಕ್ಕೆನ್ನಬೇಕು, ಬಾಗಬಾರದು. ಮನೆಗೆ ತಂದು ಬಿಸಿನೀರಿನಲ್ಲಿ ತೊಳೆದು ಸುಲಿದು, ಪೂರ್ತಿ ಒಣಗಿಸಿ. ಪರಾತದ ಕೆಳಗೆ ದಪ್ಪ ಹಂಚು ಇರಲಿ. ಇದ್ದಿಲು ಮುಚ್ಚಿದ ಕೋಣೆಯಲ್ಲಿ ಎಂದೂ ಬೇಡ. ಪಾಕ ಒಂದು ಸಲಕ್ಕೆ ಒಂದೇ ಚಮಚ, ಕೈ ಒಣಗಿರಬೇಕು, ಫೋನು ಬೇರೆ ಕೋಣೆಯಲ್ಲಿರಬೇಕು. ಹೋಳಿ ಹತ್ತಿರ ಬಂದ ಮೇಲೆ ದಿಲ್ಲಿಯಲ್ಲಿ ಪ್ರಯತ್ನ ಪಡಬೇಡಿ, ಸೆಖೆಗೆ ಸಕ್ಕರೆ ಬೆವರುತ್ತದೆ. ಮುಳ್ಳು ಬರದಿದ್ದರೆ ಗಾಬರಿಯಾಗಬೇಡಿ, ಗುಳ್ಳೆಯೂ ತಿನ್ನಲು ಬರುತ್ತದೆ.

ಇನ್ನೊಂದು ಮಾತು. ದೂರದೂರಿನಲ್ಲಿರುವ ನಿಮ್ಮ ಮಗಳೋ ತಂಗಿಯೋ ಅವಳ ಗಂಡನೋ ಫೋನು ಮಾಡಿ, ಎಳ್ಳಿಲ್ಲದೆ ಕುಸುರೆಳ್ಳು ಮಾಡುವುದು ಹೇಗೆ ಎಂದು ಕೇಳಿದರೆ, ಯಾಕೆ ಎಂದು ಎರಡನೇ ಸಲ ಕೇಳಬೇಡಿ. ಉರಿ ಸಣ್ಣಗಿರಲಿ ಎಂದು ಹೇಳಿ, ಫೋನು ಇಟ್ಟು, ಹೋಗಿ ರೈಲಿಗೆ ರಿಸರ್ವೇಶನ್ ಮಾಡಿಸಿ. ಸಂಕ್ರಾಂತಿಯ ಹೊತ್ತಿಗೆ ದಿಲ್ಲಿಯ ಗಾಡಿಗಳು ಬೇಗ ತುಂಬುತ್ತವೆ.